ಮೊಬೈಲ್ ಪಂಚಾಯ್ತಿ: ಫೋನ್ ಅಡ್ಡ ಹಿಡಿದ್ರೂ ಸ್ಕ್ರೀನ್ ತಿರುಗವಲ್ದು

ಈ ತಿಂಗಳ ಬ್ಯಾಟರಿ ಉಬ್ಬಿದ್ದು, ಚಾರ್ಜರ್ ಬಿಸಿ ಆಗೋದು, ಸ್ಟೋರೇಜ್ ಫುಲ್ ಅನ್ನೋ ಪ್ರಶ್ನೆ ಎಲ್ಲಾ ಪಕ್ಕಕ್ಕ ಇಟ್ಟೀನ್ರಿ. ಯಾಕಂದ್ರ ಬಂದ ಪತ್ರದಾಗ ಐದಾರು ಒಂದೇ ಗೋಳಿನವು, ಎಲ್ಲಾ ಸ್ಕ್ರೀನ್ ತಿರುಗೋದ್ರ ಮ್ಯಾಲೇ. ಒಬ್ರಿಗೆ ತಿರುಗವಲ್ದು, ಇನ್ನೊಬ್ರಿಗೆ ತಿರುಗೋದು ನಿಲ್ಲವಲ್ದು. ಕೊಪ್ಪಳದಾಗ ನನ್ನ ರಿಪೇರಿ ಕೌಂಟರಿಗೂ ಇದೇ ದೂರು ಹಿಡ್ಕೊಂಡು ಮಂದಿ ಬರ್ತಾರ, ಅದಕ್ಕ ಈ ಸಲ ಇದೊಂದೇ ಪಂಚಾಯ್ತಿ.

ಪ್ರಶ್ನೆ: ನಮ್ಮ ಸಾಲ್ಯಾಗ ಪ್ರೊಜೆಕ್ಟರ್ ಇಲ್ರಿ. ಪಾಠದ ಪುಸ್ತಕದಾಗಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ದೀಕ್ಷಾ ಆಪ್‌ನಾಗ ಬರೋ ವಿಡಿಯೋ ನನ್ನ ಫೋನಿನಾಗ ಹುಡುಗರಿಗೆ ತೋರಿಸ್ತೀನಿ, ನಾಕ್ನಾಕು ಮಂದಿನ ಸುತ್ತ ಕೂಡ್ರಿಸ್ಕೊಂಡು. ಹದಿನೈದು ದಿನ ಆತು, ಫೋನ್ ಅಡ್ಡ ಮಾಡಿದ್ರೂ ವಿಡಿಯೋ ಅಡ್ಡ ಬರವಲ್ದು, ಬೆಂಕಿಪೆಟ್ಟಿಗಿಯಷ್ಟು ಕಾಣ್ತೈತಿ. ಅಂಗಡಿಗೆ ಒಯ್ದ್ರ ಸೆನ್ಸರ್ ಹೋಗೈತಿ, 1200 ರೂಪಾಯಿ ಆಗ್ತೈತಿ ಅಂದ್ರು. ಕೊಡ್ಲೋ ಬ್ಯಾಡೋ?
— ಸರ್ಕಾರಿ ಸಾಲಿ ಶಿಕ್ಷಕಿ, ಯಲಬುರ್ಗಾ ತಾಲೂಕು

ಉತ್ತರ: ಅಕ್ಕೋರ, ಕೊಡಬ್ಯಾಡ್ರಿ. ಮೊದ್ಲು ಐದು ನಿಮಿಷ ನಾ ಹೇಳಿದ್ದು ಮಾಡಿ ನೋಡ್ರಿ, ಆಮ್ಯಾಲೆ ಬೇಕಾದ್ರ ಅಂಗಡಿ ಹತ್ತಿರಿ.

ಸ್ಕ್ರೀನ್ ತಿರುಗಬೇಕಂದ್ರ ಫೋನಿನೊಳಗ ಮೂರು ಮಂದಿ ಒಪ್ಪಬೇಕ್ರಿ. ಒಬ್ಬಾಂವ ಸೆನ್ಸರ್, ಫೋನ್ ನಿಂತೈತೋ ಅಡ್ಡ ಆಗೈತೋ ಅಂತ ಸುದ್ದಿ ತರಾಂವ. ಇನ್ನೊಬ್ಬಾಂವ ಆಟೋ ರೊಟೇಟ್ ಅನ್ನೋ ಸ್ವಿಚ್, ಪರ್ಮಿಷನ್ ಕೊಡಾಂವ. ಮೂರನೇದಾಂವ ನೀವು ತೆರೆದ ಆಪ್, ಅದು ನಾ ತಿರುಗಂಗಿಲ್ಲ ಅಂತ ಕುಂತ್ರ ಉಳಿದಿಬ್ರು ಏನ್ ಬಡ್ಕೊಂಡ್ರೂ ನಡೆಯಂಗಿಲ್ಲ. ತಿರುಗಲಿಲ್ಲ ಅಂದ ಕೂಡ್ಲೇ ನಮ್ಮ ಮಂದಿಗೆ ಸೆನ್ಸರ್ ಮ್ಯಾಲೇ ಸಿಟ್ಟು, ಆದ್ರ ಖರೇ ಹೇಳ್ಬೇಕಂದ್ರ ಈ ಮೂವರಾಗ ಕೆಡೋದು ಅದೇ ಭಾಳ ಕಡಿಮಿ.

ಸೆನ್ಸರ್ ಜೀವಂತ ಐತೋ ಇಲ್ಲೋ ಅಂತ ನೋಡಾಕ ಅಂಗಡಿನೂ ಬ್ಯಾಡ, ಆಪೂ ಬ್ಯಾಡ. ಕ್ಯಾಮೆರಾ ತೆರೀರಿ. ಫೋನ್ ನೆಟ್ಟಗ ಹಿಡಿದು ಫ್ಲ್ಯಾಶಿನ ಗುರುತು, ಸೆಟ್ಟಿಂಗಿನ ಗುರುತು ಹೆಂಗದಾವು ನೋಡ್ಕೊಂಡು, ಹಂಗೇ ಫೋನ್ ಅಡ್ಡ ಮಾಡ್ರಿ. ಆ ಸಣ್ಣ ಗುರುತುಗಳು ತಾವು ನಿಂತಲ್ಲೇ ಗಿರ್ರ್ ಅಂತ ತಿರುಗಿ ನಿಮಗ ನೆಟ್ಟಗ ಕಂಡ್ವು ಅಂದ್ರ ಸೆನ್ಸರ್ ಗಟ್ಟಿ ಐತಿ, ಯಾರಿಗೂ ಒಂದು ರೂಪಾಯಿ ಕೊಡೋದು ಬ್ಯಾಡ. ಭಾಳಷ್ಟು ಫೋನಿನಾಗ ಆಟೋ ರೊಟೇಟ್ ಬಂದ್ ಇದ್ರೂ ಕ್ಯಾಮೆರಾದ ಗುರುತು ತಿರುಗೇ ತಿರುಗ್ತಾವು, ಯಾಕಂದ್ರ ಕ್ಯಾಮೆರಾ ಸೆನ್ಸರ್‌ನ ನೇರ ಕೇಳ್ತೈತಿ, ನಡುವ ಸ್ವಿಚ್ಚಿನ ಮಾತು ಕೇಳಂಗಿಲ್ಲ.

ಇನ್ನ ಸ್ವಿಚ್. ಮ್ಯಾಲಿಂದ ಕೆಳಗ ಬೆರಳು ಎರಡು ಸಲ ಎಳೆದ್ರ ವೈಫೈ, ಟಾರ್ಚ್, ಹಾಟ್‌ಸ್ಪಾಟ್ ಇರೋ ಪರದೆ ಬರ್ತೈತಲ್ರಿ, ಅದರಾಗ ಆಟೋ ರೊಟೇಟ್ ಅಂತ ಇರ್ತೈತಿ, ಫೋನಿನ ಚಿತ್ರದ ಸುತ್ತ ಬಾಣ ಇದ್ದಂಗ. ಅದು ಬೆಳಗಿರಬೇಕು. ಸ್ಯಾಮ್‌ಸಂಗ್ ಫೋನ್ ಆದ್ರ ಇಲ್ಲೊಂದು ಮೋಸ ಐತಿ, ಬಂದ್ ಮಾಡಿದ್ರ ಅದರ ಹೆಸರೇ ಬದ್ಲಾಗಿ ಪೋರ್ಟ್ರೇಟ್ ಅಂತ ಆಗ್ತೈತಿ, ಮಂದಿ ಆಟೋ ರೊಟೇಟ್ ಅನ್ನೋದೇ ನಮ್ಮ ಫೋನಿನಾಗ ಇಲ್ಲ ಅಂತ ತಿಳ್ಕೊಂಡು ಬಿಡ್ತಾರ. ಆ ಪೋರ್ಟ್ರೇಟ್ ಒತ್ತಿದ್ರ ಮತ್ತ ಆಟೋ ರೊಟೇಟ್ ಆಗ್ತೈತಿ. ಗುರುತೇ ಕಾಣ್ಲಿಲ್ಲ ಅಂದ್ರ ಆ ಪರದೆದಾಗ ಪೆನ್ಸಿಲ್ ಚಿತ್ರ ಒತ್ತಿ, ಕೆಳಗ ಅಡಗಿದ್ದನ್ನ ಮ್ಯಾಲೆ ಎಳೀರಿ, ಇಲ್ಲಾಂದ್ರ ಸೆಟ್ಟಿಂಗ್ಸ್‌ನಾಗ ಡಿಸ್‌ಪ್ಲೇ ಒಳಗೂ ಹುಡುಕ್ರಿ.

"ನಾ ಅದನ್ನ ಮುಟ್ಟೇ ಇಲ್ಲ" ಅಂತೀರಿ, ಗೊತ್ತು. ಎಲ್ಲಾರೂ ಹಂಗೇ ಅಂತಾರ. ಗವಿಮಠದ ಜಾತ್ರಿ ಮುಂದ ಕಿನ್ನಾಳದಿಂದ ಒಬ್ಬ ಹಿರಿಯರು ಬಂದಿದ್ರು, ಬೊಂಬಿ ಮಾಡೋರು. ಅವ್ರೂ ದೇವರಾಣೆ ಮುಟ್ಟಿಲ್ಲಪ್ಪ ಅಂದ್ರು. ಪರದೆ ಎಳೆದು ನೋಡ್ತೀನಿ, ಟಾರ್ಚ್ ಇರೋ ಜಾಗದ ಗಾಜಿನ ಮ್ಯಾಲೆ ಹಳದಿ ಬಣ್ಣದ ಹೆಬ್ಬೆಟ್ಟಿನ ಗುರುತು, ಅದರ ಬಾಲ ಹಂಗೇ ಜಾರಿ ಪಕ್ಕದ ಆಟೋ ರೊಟೇಟ್ ಮ್ಯಾಲೆ ಬಂದು ನಿಂತೈತಿ. ಇಬ್ರೂ ನಕ್ವಿ. ಕರೆಂಟ್ ಹೋದಾಗ ಕತ್ತಲ್ಯಾಗ ಟಾರ್ಚ್ ಹಚ್ಚಾಕ ಹೋಗಿ ಪಕ್ಕದ್ದು ಒತ್ತೋದು, ಇಷ್ಟ ಕತಿ. ನಿಮ್ಮ ಫೋನ್ ಹುಡುಗರ ಕೈಯಾಗೂ ಆಡ್ತೈತಿ ಅಂದ ಮ್ಯಾಲೆ ಕೇಳೋದೇ ಬ್ಯಾಡ.

ಸ್ವಿಚ್ ಆನ್ ಐತಿ, ಆದ್ರೂ ತಿರುಗವಲ್ದು ಅಂದ್ರ ನಿಮ್ಮ ಪತ್ರದಾಗೇ ಎರಡು ಸುಳಿವು ಅದಾವ್ರಿ. ನಾಕು ಹುಡುಗರು ಸುತ್ತ ಕುಂತಿರ್ತಾರ ಅಂದ್ರಿ. ಫೋನ್ ಬೆಂಚಿನ ಮ್ಯಾಲೋ ನೆಲದ ಮ್ಯಾಲೋ ಚಪ್ಪಟೆ ಇಟ್ಟು ತೋರಿಸ್ತಿರೇನು? ಹಂಗ ಮಲಗಿಸಿದ ಫೋನಿಗೆ ಅಡ್ಡ ಯಾವುದು ಉದ್ದ ಯಾವುದು ಅಂತ ತಿಳಿಯಂಗಿಲ್ಲ, ನೀವು ನೆಲದ ಮ್ಯಾಲೆ ಎಷ್ಟು ಗಿರಕಿ ಹೊಡಿಸಿದ್ರೂ ಸ್ಕ್ರೀನ್ ಅಲ್ಲಾಡಂಗಿಲ್ಲ. ಮೊದ್ಲು ಕೈಯಾಗ ಎತ್ತಿ ನೆಟ್ಟಗ ಹಿಡಿದು ಅಡ್ಡ ಮಾಡ್ರಿ, ವಿಡಿಯೋ ತಿರುಗಿದ ಮ್ಯಾಲೆ ನಿಧಾನಕ್ಕ ಕೆಳಗ ಇಡ್ರಿ, ಹಂಗೇ ಅಡ್ಡ ಉಳೀತೈತಿ. ಎರಡು ಪುಸ್ತಕಕ್ಕ ಆನಿಸಿ ವಾಲಿಸಿ ಇಟ್ರ ಇನ್ನೂ ಚಲೋ, ಹಿಂದಿನ ಹುಡುಗನಿಗೂ ಕಾಣ್ತೈತಿ. ಎರಡನೇದು ಬೆರಳು. ತಿರುಗೋ ಹೊತ್ತಿಗೆ ಗಾಜಿನ ಮ್ಯಾಲೆ ಯಾರದರ ಬೆರಳು ಒತ್ತಿದ್ರ ಕೆಲವು ಫೋನ್ ತಿರುಗಂಗಿಲ್ಲ, ಇದನ್ನ ಸ್ಯಾಮ್‌ಸಂಗ್‌ನವರೇ ತಮ್ಮ ಸಲಹೆಯಾಗ ಹೇಳ್ತಾರ. ನಾಕು ಹುಡುಗರು ಅಂದ್ರ ನಲವತ್ತು ಬೆರಳು.

ಮೂರನೇದಾಂವ ಆಪ್. ಹೋಮ್ ಸ್ಕ್ರೀನ್ ಭಾಳ ಫೋನಿನಾಗ ಹುಟ್ಟಾ ತಿರುಗಂಗಿಲ್ಲ, ಇನ್‌ಸ್ಟಾಗ್ರಾಂ ತಿರುಗಂಗಿಲ್ಲ, ರೊಕ್ಕ ಕಳಿಸೋ ಆಪ್‌ಗಳೂ ಬಹುತೇಕ ನಿಂತಲ್ಲೇ ನಿಂತಿರ್ತಾವು, ಅವನ್ನ ನೋಡಿ ಫೋನ್ ಕೆಟ್ಟೈತಿ ಅನ್ನಬ್ಯಾಡ್ರಿ. ವಿಡಿಯೋದ ಮೂಲ್ಯಾಗ ನಾಕು ಮೂಲಿಯ ಚೌಕ ಇದ್ದಂಗ ಫುಲ್ ಸ್ಕ್ರೀನ್ ಗುರುತು ಇರ್ತೈತಿ, ಯೂಟ್ಯೂಬಿನಾಗ ಅದನ್ನ ಒತ್ತಿದ್ರ ಸ್ವಿಚ್ ಬಂದ್ ಇದ್ರೂ ವಿಡಿಯೋ ಅಡ್ಡ ಆಗ್ತೈತಿ. ಇಷ್ಟೆಲ್ಲಾ ಆದ್ರೂ ಮೊಂಡು ಬಿದ್ರ ಫೋನ್ ಒಮ್ಮೆ ಆಫ್ ಮಾಡಿ ಆನ್ ಮಾಡ್ರಿ, ತಿಂಗಳಗಟ್ಟಲೆ ಆಫ್ ಮಾಡದ ಫೋನ್ ಭಾಳ ಅದಾವು, ಅದ್ರಾಗ ಸೆನ್ಸರ್ ಸುದ್ದಿ ಒಯ್ಯೋ ಸಾಫ್ಟ್‌ವೇರ್ ಎಲ್ಲೋ ಸಿಕ್ಕಿ ಹಾಕ್ಕೊಂಡಿರ್ತೈತಿ.

ಆ 1200 ರೂಪಾಯಿ ಕೇಳಿದ ಅಂಗಡಿಯಾಂವ ನಿಮ್ಮ ಎದುರಿಗೆ ಕ್ಯಾಮೆರಾ ತೆರೆದು ತೋರಿಸಿದ್ನೇನು? ಇಲ್ಲಾಂದ್ರ ಅಂವ ಫೋನ್ ನೋಡಿಲ್ಲ, ನಿಮ್ಮ ಮುಖ ನೋಡ್ಯಾನ.

ಪ್ರಶ್ನೆ: ಪಹಣಿ, ಬ್ಯಾಂಕ್ ಪಾಸ್‌ಬುಕ್ ಫೋಟೋ ತಗದು ಮಗನಿಗೆ ವಾಟ್ಸಾಪ್ ಮಾಡ್ತೀನಿ, ಬೆಳಿ ವಿಮಾದ್ದು ಅರ್ಜಿ ಹಾಕ್ಲಿ ಅಂತ. ನಾ ಸೀದಾ ತಗದ್ರೂ ಅವನಿಗೆ ಅಡ್ಡ ಹೋಗ್ತದ, ಒಮ್ಮೊಮ್ಮೆ ತಲಿಕೆಳಗ. ಕುತ್ತಿಗಿ ಡೊಂಕು ಮಾಡಿ ಓದ್ಲಕತ್ತೀನಿ ಅಂತ ಬೈತಾನ. ಕ್ಯಾಮೆರಾ ಕೆಟ್ಟದೇನು?
— ಭತ್ತದ ರೈತರು, ಸಿಂಧನೂರು

ಉತ್ತರ: ಕಾಕಾರ, ಕ್ಯಾಮೆರಾ ಕೆಟ್ಟಿಲ್ಲ, ಅಕ್ಕೋರಿಗೆ ಹೇಳಿದ ಚಪ್ಪಟೆ ಕತಿನೇ ನಿಮ್ಮದೂ. ಫೋಟೋ ತಗೋವಾಗ ಫೋನ್ ಚಿತ್ರದ ಜೊತಿಗೆ "ಇದರ ಮ್ಯಾಲಿನ ಕಡೆ ಇದು" ಅಂತ ಒಂದು ಗುಟ್ಟಿನ ಗುರುತು ಬರೆದಿಡ್ತೈತಿ, ಅದನ್ನ ಬರೆಯೋದು ಸೆನ್ಸರ್‌ನ ಕೇಳಿ. ಪಹಣಿ ಮೇಜಿನ ಮ್ಯಾಲೆ ಹಾಸಿ ನೀವು ಮ್ಯಾಲಿಂದ ಬಗ್ಗಿ ಫೋನ್ ನೆಲಕ್ಕ ಮುಖ ಮಾಡಿ ಹಿಡಿದ್ರ ಅದಕ್ಕ ದಿಕ್ಕು ತಪ್ತೈತಿ, ಹಿಂದ ಹೆಂಗ ಹಿಡಿದಿದ್ರೋ ಅದನ್ನೇ ಬರೀತೈತಿ, ಇಲ್ಲಾ ಕೈ ಒಂಚೂರು ಯಾ ಕಡೆ ವಾಲ್ತೋ ಆ ಕಡೆ ಬರೀತೈತಿ. ಅದಕ್ಕೇ ಒಮ್ಮೆ ಅಡ್ಡ, ಒಮ್ಮೆ ತಲಿಕೆಳಗ.

ಸುಲಭ ಉಪಾಯ, ಕ್ಯಾಮೆರಾ ತೆರೆದ ಮ್ಯಾಲೆ ಫೋನ್ ಮೊದ್ಲು ಎದಿ ಮುಂದ ನೆಟ್ಟಗ ಹಿಡೀರಿ, ಗುರುತುಗಳು ಸೀದಾ ಆದದ್ದು ನೋಡ್ರಿ, ಆಮ್ಯಾಲೆ ಹಂಗೇ ನಿಧಾನಕ್ಕ ಕಾಗದದ ಮ್ಯಾಲೆ ಬಗ್ಗಿಸ್ರಿ. ಇಲ್ಲಾಂದ್ರ ಪಹಣಿನೇ ಗ್ವಾಡಿಗೆ ಹಚ್ಚಿ ನಿಂತು ತಗೀರಿ, ಅದರಾಗ ನಿಮ್ಮ ತಲಿ ನೆರಳೂ ಬೀಳಂಗಿಲ್ಲ. ತಗದದ್ದು ಅಡ್ಡ ಬಂದಿದ್ರ ಗ್ಯಾಲರಿಯಾಗ ಎಡಿಟ್ ಒತ್ತಿ ಸುತ್ತುಬಾಣದ ಗುರುತು ಒತ್ತಿದಂಗ ಕಾಲು ಸುತ್ತು ತಿರುಗ್ತೈತಿ, ಸೀದಾ ಆದ ಮ್ಯಾಲೆ ಸೇವ್ ಮಾಡಿ ಕಳಿಸ್ರಿ. ಮಗನಿಗೂ ಹೇಳ್ರಿ, ಅವನ ಫೋನಿನಾಗೂ ಆ ಗುರುತು ಐತಿ, ಕುತ್ತಿಗಿ ಡೊಂಕು ಮಾಡೋ ಬದ್ಲು ಅಂವನೂ ಒಂದು ಬೆರಳು ಒತ್ತಬಹುದು.

ಪ್ರಶ್ನೆ: ಸರ್, ಬೈಕ್ ಮ್ಯಾಲಿಂದ ಫೋನ್ ಬಿತ್ತು, ಡಿಸ್‌ಪ್ಲೇ ಒಡೀತು, ಹೊಸದು ಹಾಕಿಸ್ದೆ. ಅವತ್ತಿಂದ ಆಟೋ ರೊಟೇಟ್ ಕೆಲಸ ಮಾಡವಲ್ದು. ಸ್ವಿಚ್ ಆನ್ ಅದ, ರೀಸ್ಟಾರ್ಟ್ ಮಾಡೀನಿ, ಅಪ್‌ಡೇಟ್ ಮಾಡೀನಿ. ಡಿಸ್‌ಪ್ಲೇ ಹಾಕಿದವ್ರು ಏನರ ಕೆಡಿಸ್ಯಾರೇನು? ಗೆಳ್ಯಾರು ಫ್ಯಾಕ್ಟರಿ ರಿಸೆಟ್ ಹೊಡಿ ಅಂತಾರ, ಹೊಡೀಲಾ?
— ಎಂಜಿನಿಯರಿಂಗ್ ವಿದ್ಯಾರ್ಥಿ, ರಾಯಚೂರು

ಉತ್ತರ: ತಮ್ಮಾ, ರಿಸೆಟ್ ಹೊಡಿಬ್ಯಾಡ, ತಡಿ. ಸೆನ್ಸರ್ ಸತ್ತಿದ್ರ ರಿಸೆಟ್ ಹೊಡೆದು ಏನೂ ಉಪಯೋಗ ಇಲ್ಲ, ಫೋಟೋ, ಚಾಟ್ ಎಲ್ಲಾ ಕಳ್ಕೊಂಡು ಕುಂದ್ರಬೇಕಾಗ್ತೈತಿ. ಮೊದ್ಲು ಸತ್ತೈತೋ ಇಲ್ಲೋ ನೋಡೂಣು.

ಆ ಸೆನ್ಸರ್ ಹೆಸರು ಆಕ್ಸೆಲೆರೋಮೀಟರ್. ನೀ ಎಂಜಿನಿಯರಿಂಗ್ ಹುಡುಗ, ನಿನಗ ಸ್ವಲ್ಪ ಒಳಗಿಂದೇ ಹೇಳ್ತೀನಿ. ಗ್ವಾಡಿ ನೆಟ್ಟಗೈತೇನು ಅಂತ ನೋಡಾಕ ಗೌಂಡಿ ದಾರಕ್ಕ ಗುಂಡು ಕಟ್ಟಿ ಇಳೇ ಬಿಡ್ತಾನಲ್ಲ, ಆ ಗುಂಡು ಯಾವಾಗ್ಲೂ ಭೂಮಿ ಕಡೀಗೇ ಎಳೀತೈತಲ್ಲ, ಅಂಥದ್ದೇ ಒಂದು ಗುಂಡು ಫೋನಿನಾಗ ಐತಿ ಅಂತ ತಿಳ್ಕೊ. ಆದ್ರ ಅದು ಸಿಲಿಕಾನಿನಾಗ ಕೊರೆದದ್ದು, ಕೂದಲಿಗಿಂತ ಸಣ್ಣ ಸ್ಪ್ರಿಂಗಿನ ಮ್ಯಾಲೆ ಜೋತು ಬಿದ್ದಿರ್ತೈತಿ, ಇಡೀ ಚಿಪ್ಪೇ ಸುಮಾರು 2 ಮಿಲಿಮೀಟರ್ ಅಗಲ, ಅಂದ್ರ ಒಂದು ಜೋಳದ ಕಾಳಿಗಿಂತ ಸಣ್ಣದು. ಗುಂಡು ಒಂಚೂರು ಸರಿದ್ರ ಪಕ್ಕದ ಬಾಚಣಿಗಿ ಹಲ್ಲಿನಂಥ ಪಟ್ಟಿಗಳ ನಡುವಿನ ಕೆಪಾಸಿಟೆನ್ಸ್, ಅಂದ್ರ ವಿದ್ಯುತ್ ಹಿಡಿದಿಡೋ ತಾಕತ್ತು, ಬದ್ಲಾಗ್ತೈತಿ, ಅದನ್ನ ಚಿಪ್ಪು ನಂಬರ್ ಮಾಡಿ ಹೇಳ್ತೈತಿ. ಫೋನ್ ನೆಟ್ಟಗ ಹಿಡಿದ್ರ ವೈ ಅನ್ನೋ ನಂಬರ್ 9.8 ಹತ್ರ ಇರ್ತೈತಿ, ಅದು ಭೂಮಿ ಎಳೆತದ ನಂಬರ್, ನೀ ಫಿಸಿಕ್ಸ್‌ನಾಗ ಓದಿದ್ದೇ. ಅಡ್ಡ ಮಾಡಿದ್ರ ವೈ ಇಳಿದು ಎಕ್ಸ್ ಅನ್ನೋದು 9.8 ಆಗ್ತೈತಿ, ಇನ್ನೊಂದು ಮಗ್ಗಲಿಗೆ ಅಡ್ಡ ಮಾಡಿದ್ರ ಅದೇ ಮೈನಸ್ 9.8. ಮೇಜಿನ ಮ್ಯಾಲೆ ಮಲಗಿಸಿದ್ರ ಎಕ್ಸ್, ವೈ ಎರಡೂ ಸೊನ್ನೆ ಹತ್ರ ಬಂದು ಝಡ್ ಒಂದೇ 9.8. ಅಕ್ಕೋರಿಗೂ ಕಾಕಾಗೂ ಚಪ್ಪಟೆ ಇಡಬ್ಯಾಡ್ರಿ ಅಂದದ್ದು ಇದಕ್ಕ.

ಈ ನಂಬರ್ ನೀ ಕಣ್ಣಾರೆ ನೋಡಬಹುದು. ಸ್ಯಾಮ್‌ಸಂಗ್ ಆದ್ರ ಕಾಲ್ ಮಾಡೋ ಜಾಗದಾಗ *#0*# ಒತ್ತು, ಟೆಸ್ಟ್ ಮೆನು ಬರ್ತೈತಿ, ಅದ್ರಾಗ ಸೆನ್ಸರ್. ರೆಡ್ಮಿ ಆದ್ರ *#*#6484#*#* ಒತ್ತು. ಬ್ಯಾರೆ ಕಂಪನಿದಾದ್ರ ಫೈಫಾಕ್ಸ್ ಅಂತ ಒಂದು ಪುಕ್ಕಟೆ ಆಪ್ ಐತಿ, ಜರ್ಮನಿಯ ಆಖೆನ್ ಯೂನಿವರ್ಸಿಟಿ ಫಿಸಿಕ್ಸಿನವರು ಮಾಡಿದ್ದು, ಜಾಹೀರಾತಿನ ಕಾಟ ಇಲ್ಲ, ಅದ್ರಾಗ ಜಿ (ಭೂಮಿ ಎಳೆತ) ಸೇರಿಸಿದ ಆಕ್ಸೆಲೆರೇಷನ್ ತೆರೆದ್ರ ಮೂರು ಗೆರಿ ಓಡ್ತಾವು. ಫೋನ್ ತಿರುವಿ ನೋಡು. ಗೆರಿ ಏರಿಳಿದ್ರ ಸೆನ್ಸರ್ ಗಟ್ಟಿ, ತಪ್ಪು ಸಾಫ್ಟ್‌ವೇರಿಂದು. ಮೂರೂ ಸೊನ್ನೆ, ಇಲ್ಲಾ ಏನ್ ಮಾಡಿದ್ರೂ ಒಂದೇ ನಂಬರಿಗೆ ಅಂಟ್ಕೊಂಡೈತಿ, ಇಲ್ಲಾ ಆಪ್ ನಿನ್ನ ಫೋನಿನಾಗ ಆ ಸೆನ್ಸರೇ ಇಲ್ಲ ಅಂತೈತಿ ಅಂದ್ರ ಸತ್ತೈತಿ. ಸತ್ತಿದ್ರ ಬರೇ ತಿರುಗೋದು ಒಂದೇ ಹೋಗಿರಂಗಿಲ್ಲ, ಕೈಯಾಗ ಎತ್ತಿದ್ರ ಸ್ಕ್ರೀನ್ ತಾನೇ ಹತ್ತೋದು, ನಡೆದ ಹೆಜ್ಜಿ ಎಣಿಸೋದು, ಬೋರಲು ಮಲಗಿಸಿದ್ರ ರಿಂಗ್ ಸುಮ್ಮನಾಗೋದು, ವಾಲಿಸಿ ಆಡೋ ಕಾರ್ ರೇಸು, ಇವೆಲ್ಲಾ ಒಟ್ಟಿಗೆ ಹೋಗಿರ್ತಾವು, ನೆನಪು ಮಾಡ್ಕೊ.

ಸಾಫ್ಟ್‌ವೇರ್ ತಪ್ಪು ಅಂತ ಆದ್ರ ಸೇಫ್ ಮೋಡ್ ಹಾಕು. ಪವರ್ ಬಟನ್ ಒತ್ತಿ ಹಿಡಿದ್ರ ಬರೋ ಪವರ್ ಆಫ್ ಅನ್ನೋದನ್ನ ಮತ್ತ ಒತ್ತಿ ಹಿಡೀಬೇಕು, ಭಾಳ ಫೋನಿನಾಗ ಹಿಂಗೇ. ಸೇಫ್ ಮೋಡಿನಾಗ ನೀ ಹಾಕ್ಕೊಂಡ ಆಪ್ ಎಲ್ಲಾ ನಿದ್ದಿ ಹೋಗಿರ್ತಾವು. ಅಲ್ಲಿ ಸ್ಕ್ರೀನ್ ತಿರುಗಿದ್ರ ಯಾವುದೋ ಆಪ್ ಕಳ್ಳ ಅಂತ ಆತು. ಇತ್ತೀಚೆಗೆ ಹಾಕಿದ ಲಾಂಚರ್ (ಹೋಮ್ ಸ್ಕ್ರೀನಿನ ರೂಪ ಬದ್ಲಿಸೋ ಆಪ್), ಸ್ಕ್ರೀನ್ ಲಾಕ್ ಮಾಡೋ ಆಪ್, ಗೇಮ್ ಬೂಸ್ಟರ್ ಇಂಥವನ್ನ ಒಂದೊಂದಾಗಿ ತಗೀತಾ ಬಾ. ಅಲ್ಲೂ ತಿರುಗಲಿಲ್ಲ, ಆದ್ರ ನಂಬರ್ ಮಾತ್ರ ಸರಿ ಓಡ್ತಾವು, ಆಗ ಮಾತ್ರ ಫೋಟೋ, ವಾಟ್ಸಾಪ್ ಬ್ಯಾಕಪ್ ತಗೊಂಡು ರಿಸೆಟ್ ಹೊಡಿ.

ಡಿಸ್‌ಪ್ಲೇ ಹಾಕಿದವ್ರ ಮಾತಿಗೆ ಬಂದ್ರ, ನಾನೂ ಅದೇ ಧಂಧೆದಾಂವ, ಅವರ ಪರ ಮಾತಾಡ್ತಾನ ಅನ್ನಬ್ಯಾಡ. ಆಕ್ಸೆಲೆರೋಮೀಟರ್ ಡಿಸ್‌ಪ್ಲೇದಾಗ ಇರಂಗಿಲ್ಲ, ಮದರ್‌ಬೋರ್ಡಿಗೆ ಬೆಸುಗೆ ಹಾಕಿರ್ತಾರ. ಡಿಸ್‌ಪ್ಲೇ ಬದ್ಲಿಸುವಾಗ ಕೆಡೋದು ಹೆಚ್ಚಾಗಿ ಕಿವಿ ಹತ್ರದ ಪ್ರಾಕ್ಸಿಮಿಟಿ ಸೆನ್ಸರ್, ಕಾಲ್ ಬಂದಾಗ ಸ್ಕ್ರೀನ್ ಕಪ್ಪಾಗೋದು ನಿಂತ್ರ ಅದರ ಮ್ಯಾಲೆ ಜಗಳಕ್ಕ ಹೋಗಬಹುದು. ನಿನ್ನ ಕೇಸಿನಾಗ ಬೈಕಿನಿಂದ ಬಿದ್ದ ಪೆಟ್ಟಿಗೇ ಆ ಸಣ್ಣ ಗುಂಡು ಹೋಗಿರೋ ಸಾಧ್ಯತೆ ಹೆಚ್ಚು, ಡಿಸ್‌ಪ್ಲೇ ಒಡೆದಿತ್ತು ಅಂತ ಅವತ್ತು ಯಾರೂ ನೋಡಿಲ್ಲ ಅಷ್ಟ. ಇವು ಎಷ್ಟು ನಾಜೂಕು ಅನ್ನಾಕ ಒಂದು ಮಾತು ಹೇಳ್ತೀನಿ, 2018ರಾಗ ಅಮೆರಿಕದ ಒಂದು ಆಸ್ಪತ್ರ್ಯಾಗ ಎಂಆರ್‌ಐ ಮಷಿನ್ನಿನ ಹೀಲಿಯಂ ಗಾಳಿ ಸೋರಿ ಅಲ್ಲಿದ್ದ ಐಫೋನ್‌ಗಳು ಒಟ್ಟಿಗೆ ಬಂದ್ ಬಿದ್ದಿದ್ವು. ಕೆಟ್ಟದ್ದು ಈ ಸೆನ್ಸರ್ ಅಲ್ಲ, ಇದರ ದಾಯಾದಿ, ಇದೇ ಥರ ಸಿಲಿಕಾನಿನಾಗ ಕೊರೆದ ಗಡಿಯಾರದ ಚಿಪ್ಪು. ಕೆಲವು ದಿನಕ್ಕ ಗಾಳಿ ಹೋಗಿ ಹೆಚ್ಚಿನವು ತಾವೇ ಎದ್ದು ಕುಂತ್ವು. ಬಿದ್ದು ಮುರಿದ ಸ್ಪ್ರಿಂಗ್ ಮಾತ್ರ ಹಂಗ ಏಳಂಗಿಲ್ಲ.

ಚಿಪ್ಪು ಬದ್ಲಿಸೋರು ಇಲ್ಲ ಅಂತಲ್ಲ, ಬಿಸಿಗಾಳಿ ಮಷಿನ್ ಹಿಡಿದು ಸೂಕ್ಷ್ಮದರ್ಶಕದ ಕೆಳಗ ಎತ್ತಿ ಕೂಡ್ರಿಸೋ ಕೈ ಬೇಕು, ಅಂಥ ಬೋರ್ಡ್ ಕೆಲಸದೋರು ಎಲ್ಲಾ ಅಂಗಡಿಯಾಗ ಇರಂಗಿಲ್ಲ. ಅರ್ಧ ತಾಸಿನಾಗ ಸೆನ್ಸರ್ ಹಾಕಿ ಕೊಡ್ತೀನಿ ಅಂದೋರ ಕೈಯಾಗ ಬೋರ್ಡ್ ಕೊಡಬ್ಯಾಡ. ಗ್ಯಾರಂಟಿ ಇದ್ರ ಸರ್ವಿಸ್ ಸೆಂಟರಿಗೆ ಹೋಗು, ಆದ್ರ ಬಿದ್ದ ಪೆಟ್ಟಿಗೆ, ಹೊರಗ ಡಿಸ್‌ಪ್ಲೇ ಹಾಕಿಸಿದ್ದಕ್ಕ ಅವರು ಕೈ ಎತ್ತಬಹುದು. ನನ್ನ ಕೇಳಿದ್ರ ಹಳೇ ಫೋನ್ ಆದ್ರ ಅದರ ಮ್ಯಾಲೆ ರೊಕ್ಕ ಸುರಿಬ್ಯಾಡ. ಯೂಟ್ಯೂಬಿನಾಗ ಫುಲ್ ಸ್ಕ್ರೀನ್ ಗುರುತು ಐತಿ, ವಿಎಲ್‌ಸಿ ಪ್ಲೇಯರಿನಾಗ ವಿಡಿಯೋ ಅಡ್ಡಕ್ಕೇ ಲಾಕ್ ಮಾಡೋ ಸೆಟ್ಟಿಂಗ್ ಐತಿ. ಪ್ಲೇ ಸ್ಟೋರಿನಾಗ ಸ್ಕ್ರೀನ್ ಒತ್ತಾಯದಿಂದ ಅಡ್ಡ ಮಾಡೋ ಆಪ್‌ಗಳೂ ಅದಾವು, ಬ್ಯಾರೆ ಆಪ್ ಮ್ಯಾಲೆ ಕಾಣಿಸ್ಕೊಳ್ಳೋ ಪರ್ಮಿಷನ್ ಕೇಳ್ತಾವು, ಅದಷ್ಟ ಕೊಡು. ಕಾಂಟ್ಯಾಕ್ಟ್, ಮೆಸೇಜ್ ಕೂಡ ಕೇಳಿದ್ರ ಆ ಆಪ್ ತಗದು ಹಾಕು, ಸ್ಕ್ರೀನ್ ತಿರುಗಿಸೋನಿಗೆ ನಿನ್ನ ಓಟಿಪಿ ಯಾಕ ಬೇಕು?

ಪ್ರಶ್ನೆ: ಸಂಡೂರು ಕಡೆ ಅದಿರು ಲಾರಿ ಓಡಿಸ್ತೀನಿ ಅಣ್ಣ. ಫೋನ್ ಸ್ಟ್ಯಾಂಡಿಗೆ ಹಾಕಿ ಮ್ಯಾಪ್ ಹಚ್ಚಿದ್ರೆ ಕುಣಿ ಬಂದಾಗೆಲ್ಲ ಸ್ಕ್ರೀನ್ ಅಡ್ಡ ಉದ್ದ ಅಡ್ಡ ಉದ್ದ ಆಗ್ತೈತೆ. ಕೆಂಪು ಧೂಳು ಒಳಗೆ ಹೋಗಿ ಸೆನ್ಸರ್ ಕೆಟ್ಟೈತೆ ಅಂತಾರೆ ನಮ್ಮ ಹುಡುಗರು. ಕವರಿನ ಹಿಂದೆ ಮ್ಯಾಗ್ನೆಟ್ ಬೇರೆ ಐತೆ.
— ಲಾರಿ ಡ್ರೈವರ್, ತೋರಣಗಲ್ಲು

ಉತ್ತರ: ಅಣ್ಣಾ, ನಿಮ್ಮ ಸೆನ್ಸರ್ ಕೆಟ್ಟಿಲ್ಲ, ಮೈತುಂಬಾ ಕೆಲಸ ಮಾಡಾಕತ್ತೈತಿ. ಅದಕ್ಕ ಭೂಮಿ ಎಳೆತ ಯಾವುದು, ಕುಣಿಯಾಗ ಬಿದ್ದ ಜರ್ಕ್ ಯಾವುದು ಅಂತ ಬ್ಯಾರೆ ಮಾಡಾಕ ಕಷ್ಟ, ಅದೂ ಸ್ಟ್ಯಾಂಡ್ ಹಿಂದಕ್ಕ ಭಾಳ ವಾಲಿದ್ರ ಇನ್ನೂ ಗೊಂದಲ. ಹತ್ತೋ ಮುಂಚೆ ಫೋನ್ ನಿಮಗ ಹೆಂಗ ಬೇಕೋ ಹಂಗ ಇಟ್ಟು ಆಟೋ ರೊಟೇಟ್ ಬಂದ್ ಮಾಡ್ರಿ, ಮುಗೀತು. ಅಡ್ಡ ಬೇಕಂದ್ರ ಅಡ್ಡ ಇದ್ದಾಗ ಬಂದ್ ಮಾಡ್ರಿ, ಭಾಳ ಆಂಡ್ರಾಯ್ಡ್ ಫೋನ್ ಅಡ್ಡಕ್ಕೇ ನಿಲ್ತಾವು.

ಧೂಳು ಆ ಚಿಪ್ಪಿನೊಳಗ ಹೋಗಂಗಿಲ್ಲ, ಸೀಲ್ ಮಾಡಿರ್ತಾರ. ನಿಮ್ಮ ಧೂಳು ಕೆಡಿಸೋದು ಸ್ಪೀಕರಿನ ಜಾಲರಿ, ಚಾರ್ಜಿಂಗ್ ತೂತು, ಅದನ್ನ ಮೆತ್ತಗಿನ ಬ್ರಷ್ಷಿನಿಂದ ಒರೆಸ್ತಿರಿ, ಸೂಜಿ ಹಾಕಬ್ಯಾಡ್ರಿ. ಮ್ಯಾಗ್ನೆಟ್ಟಿನಿಂದ ತಿರುಗೋದು ಕೆಡ್ತೈತಿ ಅನ್ನೋದೂ ಸುಳ್ಳು, ಅದು ಕೆಡಿಸೋದು ದಿಕ್ಸೂಚಿನ. ಮ್ಯಾಪಿನಾಗ ಗಾಡಿ ನಿಂತಾಗ ನೀಲಿ ಬಾಣ ಎತ್ತಲೋ ಮುಖ ಮಾಡಿದ್ರ ಮ್ಯಾಗ್ನೆಟ್ ತಗದು ನೋಡ್ರಿ. ಮುಚ್ಚೋ ಥರದ ಕವರಿನ ಮ್ಯಾಗ್ನೆಟ್ ಸ್ಕ್ರೀನ್ ಆಫ್ ಮಾಡ್ತೈತಿ, ಅದೂ ಬ್ಯಾರೆ ಸೆನ್ಸರ್.

ಪ್ರಶ್ನೆ: ಬೇಸಿಗೆಯಾಗ ನಮ್ಮ ಬಳ್ಳಾರಿ ಸೆಕೆ ನಿಮಗೆ ಗೊತ್ತೇ ಐತೆ, ಮಾಳಿಗೆ ಮೇಲೆ ಮಂಚ ಹಾಕ್ಕೊಂಡು ಮಗ್ಗುಲಾಗಿ ಮಲಗಿ ಫೋನ್ ನೋಡಿದ್ರೆ ಅಕ್ಷರ ಎಲ್ಲಾ ಅಡ್ಡ ತಿರುಗ್ತವೆ. ಆಫ್ ಮಾಡಿದ್ರೆ ಬೆಳಗ್ಗೆ ವಿಡಿಯೋ ಅಡ್ಡ ಬರಲ್ಲ, ಮತ್ತೆ ಆನ್ ಮಾಡ್ಬೇಕು. ಇದಕ್ಕೇನಾದ್ರೂ ಐತಾ?
— ಗೃಹಿಣಿ, ಬಳ್ಳಾರಿ

ಉತ್ತರ: ಐತ್ರಿ ಅಕ್ಕಾ. ಸ್ವಿಚ್ ಕಾಯಂ ಆಫೇ ಇಡ್ರಿ. ಆಂಡ್ರಾಯ್ಡ್ 9 ಅಂತ 2018ರಾಗ ಬಂತಲ್ಲ, ಅವತ್ತಿಂದ ಒಂದು ಸವಲತ್ತು ಕೊಟ್ಟಾರ. ಆಟೋ ರೊಟೇಟ್ ಆಫ್ ಇದ್ದಾಗ ಫೋನ್ ಅಡ್ಡ ಮಾಡಿದ್ರ ಕೆಳಗ ಮೂಲ್ಯಾಗ ಸಣ್ಣ ಸುತ್ತುಬಾಣದ ಗುರುತು ಸ್ವಲ್ಪ ಹೊತ್ತು ಮೂಡ್ತೈತಿ, ಬೇಕಾದ್ರ ಒತ್ರಿ, ತಿರುಗ್ತೈತಿ, ಬ್ಯಾಡಾದ್ರ ಬಿಡ್ರಿ, ತಾನೇ ಹೋಗ್ತೈತಿ. ಮಲಗಿದಾಗ ಒತ್ತಬ್ಯಾಡ್ರಿ, ವಿಡಿಯೋಕ್ಕ ಒತ್ರಿ. ನಂದೂ ವರ್ಷಗಟ್ಟಲೆ ಹಿಂಗೇ ಐತಿ, ಇದಕ್ಕಿಂತ ಚಲೋ ದಾರಿ ನಾ ಕಂಡಿಲ್ಲ.

ಗೂಗಲ್‌ನವರ ಪಿಕ್ಸೆಲ್ ಫೋನಿನಾಗ 2021ರ ಆಂಡ್ರಾಯ್ಡ್ 12ರಿಂದ ಇನ್ನೊಂದು ಐತಿ. ಮುಂದಿನ ಕ್ಯಾಮೆರಾದಿಂದ ನಿಮ್ಮ ಮುಖ ಯಾ ಕಡೆ ಐತಿ ನೋಡಿ ತಿರುಗೋದು, ನೀವು ಮಗ್ಗುಲಾದ್ರ ಅಕ್ಷರನೂ ನಿಮ್ಮ ಜೊತಿ ಮಗ್ಗುಲಾಗೇ ಇರ್ತಾವು. ಆದ್ರ ಮಾಳಗಿ ಮ್ಯಾಲೆ ಕತ್ತಲ್ಯಾಗ ಮುಖ ಕಾಣಬೇಕಲ್ಲ.

ಪ್ರಶ್ನೆ: ಐಫೋನಿನಾಗ ಆಟೋ ರೊಟೇಟ್ ಅನ್ನೋದೇ ಸಿಗವಲ್ದು.
— ಗಂಗಾವತಿ

ಉತ್ತರ: ಅಲ್ಲಿ ಉಲ್ಟಾ ಹೆಸರು. ಮ್ಯಾಲಿನ ಬಲ ಮೂಲಿಯಿಂದ ಕೆಳಗ ಎಳೀರಿ, ಹೋಮ್ ಬಟನ್ ಇರೋ ಹಳೇ ಫೋನ್ ಆದ್ರ ಕೆಳಗಿನಿಂದ ಮ್ಯಾಲಕ್ಕ. ಬೀಗದ ಸುತ್ತ ಬಾಣ ಇರೋ ಗುರುತು ಕಾಣ್ತೈತಿ, ಅದು ಬೆಳಗಿದ್ರ ತಿರುಗೋದು ಬಂದ್ ಅಂತ ಅರ್ಥ. ಒತ್ತಿ ಆರಿಸ್ರಿ. ಹೋಮ್ ಸ್ಕ್ರೀನ್ ತಿರುಗವಲ್ದು ಅಂತ ಮತ್ತ ಪತ್ರ ಬರಿಬ್ಯಾಡ್ರಿ, ಈಗಿನ ಐಫೋನಿನಾಗ ಅದು ತಿರುಗಂಗಿಲ್ಲ.

ಪ್ರಶ್ನೆ: ಎಲ್ಲಾ ಸರಿ ಅದ, ಎರಡೂ ಮಗ್ಗಲಿಗೆ ತಿರುಗ್ತದ. ಆದ್ರ ಫೋನ್ ಪೂರಾ ತಲಿಕೆಳಗ ಮಾಡಿದ್ರ ಮಾತ್ರ ತಿರುಗವಲ್ದು. ಅರ್ಧ ಸೆನ್ಸರ್ ಹೋಗ್ಯಾದೇನು?
— ಲಿಂಗಸುಗೂರು

ಉತ್ತರ: ಹೋಗಿಲ್ರಿ, ಭಾಳಷ್ಟು ಫೋನಿನಾಗ ತಲಿಕೆಳಗ ತಿರುಗೋದನ್ನ ಕಂಪನಿಯವರೇ ಬಿಟ್ಟಿರ್ತಾರ. ಹಂಗ ತಿರುಗಿತ್ತು ಅಂದ್ರ ಕಾಲ್ ಬಂದಾಗ ನೀವು ಮೈಕ್ ಕಿವಿಗೆ ಹಿಡಿದು, ಸ್ಪೀಕರ್ ಬಾಯಿಗೆ ಹಿಡಿದು "ಹಲೋ, ಕೇಳ್ಸವಲ್ದು" ಅಂತ ಒದರಿಕೋತ ಕುಂದರ್ತಿದ್ರಿ. ಟ್ಯಾಬ್ಲೆಟ್ ಆದ್ರ ನಾಕೂ ಕಡೆ ತಿರುಗ್ತೈತಿ, ಅದನ್ನ ಕಿವಿಗೆ ಯಾರೂ ಹಿಡಿಯಂಗಿಲ್ಲಲ್ಲ.